ಕುಳ್ಳಿ ಇಂಜಿನ್ನಿನ ಪಟ

ಪೆಟ್ಟಿಗೆಯ ಮುಚ್ಚಳ ತೆಗೆದ ಗಂಗಾಧರಸ್ವಾಮಿಯ ಕೈ ಅಲ್ಲೇ ನಿಂತಿತು. ಪಟ ತೆಗೆದ ಗಾಜಿನ ಪ್ಲೇಟುಗಳೆಲ್ಲ ಸಾಲಾಗಿ ಇದ್ದವು — ಕುಳ್ಳಿಯದೊಂದು ಬಿಟ್ಟು.

ಚಾಮರಾಜನಗರದ ಸ್ಟೇಷನ್ ರಸ್ತೆಯ ಅವರ ಫೋಟೋ ಸ್ಟುಡಿಯೋಕ್ಕೆ ದಫೇದಾರ್ ಚಿಕ್ಕಬಸವಯ್ಯ ಬಂದಾಗ ಬಿಸಿಲು ಇಳಿಯುತ್ತಿತ್ತು. ಮನೆಯಲ್ಲಿ ಮಗಳಿಗೆ ಜ್ವರ. ಬೇಗ ಹೋಗೋಣವೆಂದರೆ ಇದೊಂದು ಗಂಟುಬಿದ್ದಿತ್ತು.

“ಕುಳ್ಳಿ ಅಂದ್ರೆ ಯಾರು ಸ್ವಾಮಿ? ಹೆಂಗಸಾ?”

“ಇಂಜಿನ್ನು ದಫೇದಾರ್ರೆ. ಮೈಸೂರು ಗಾಡಿ ಎಳೀತಿತ್ತಲ್ಲ, ಆ ಗಿಡ್ಡದು. ನಿನ್ನೆ ಕೊನೇ ಸಲ ಹೋಯ್ತು. ಇನ್ನು ಒಡೆದು ಕಬ್ಬಿಣಕ್ಕೆ ಹಾಕ್ತಾರೆ. ಇದ್ದದ್ದು ಅದೊಂದೇ ಪಟ. ಮತ್ತೆ ತೆಗೆಯೋಣ ಅಂದ್ರೆ ಇಂಜಿನ್ನೇ ಇಲ್ಲ.”

“ದಿನಾ ಹೊಗೆ ಉಗುಳ್ಕಂಡು ಓಡಾಡ್ತಿದ್ದುದರ ಪಟ ಯಾರಿಗೆ ಬೇಕು?”

“ದಿನಾ ಕಾಣೋದನ್ನ ಯಾರೂ ನೋಡೋದಿಲ್ಲ. ಅದಕ್ಕೇ ತೆಗೀತೀನಿ.”

ಊಟಕ್ಕೆ ಒಳಮನೆಗೆ ಹೋದಾಗ ಸ್ವಾಮಿ ಬಾಗಿಲನ್ನು ಬರೀ ಮುಂದಕ್ಕೆ ಎಳೆದಿದ್ದರು. ಆ ಹೊತ್ತಿನಲ್ಲಿ ಒಳಗೆ ಹೊಕ್ಕವರು ಇಬ್ಬರೆಂದು ಎದುರಿನ ಇಡ್ಲಿ ಸುಂದ್ರಮ್ಮ ಹೇಳಿದಳು. ಒಬ್ಬ, ಗುಂಡ್ಲುಪೇಟೆಯ ಫೋಟೋದವ ಮರಿಮಲ್ಲಪ್ಪ. ಇನ್ನೊಬ್ಬ, ಕುಳ್ಳಿಗೆ ಬೆಂಕಿ ಹಾಕುತ್ತಿದ್ದ ಫೈರ್‌ಮನ್ ಮಾದಣ್ಣ — ಇವತ್ತಿನಿಂದ ಹೊಸ ಇಂಜಿನ್ನಿನವನು.

“ಮರಿಮಲ್ಲಪ್ಪಂದೇ ಕೆಲಸ. ಆ ಪ್ಲೇಟು ಕೊಡು ಅಂತ ಮೊನ್ನೆಯಿಂದ ದುಂಬಾಲು ಬಿದ್ದಿದ್ದ. ನಡೀರಿ, ಅವನ ಗುಂಡ್ಲುಪೇಟೆ ಬಸ್ಸು ಇನ್ನೇನು ಹೊರಡುತ್ತೆ,” ಎಂದರು ಸ್ವಾಮಿ.

ಅಷ್ಟರಲ್ಲಿ ಸ್ಟೇಷನ್ನಿನಲ್ಲಿ ಮೊದಲ ಗಂಟೆ ಹೊಡೆಯಿತು. ಮಾದಣ್ಣನ ಗಾಡಿಯೂ ಹೊರಡುವುದರಲ್ಲಿತ್ತು. ಬಸ್ ಸ್ಟ್ಯಾಂಡು ಒಂದು ದಿಕ್ಕು, ಸ್ಟೇಷನ್ನು ಇನ್ನೊಂದು. ಹಿಡಿದರೆ ಒಬ್ಬನನ್ನು ಹಿಡಿಯಬಹುದು — ಯಾರನ್ನು?

ದಫೇದಾರರ ಕಣ್ಣು ಗೋಡೆಯ ಮೇಲೆ ಹರಿಯಿತು. ಹಿಂದೆ ಹೋದ ಎರಡು ಇಂಜಿನ್ನುಗಳ ಪಟ. ಪಕ್ಕದಲ್ಲಿ ಸ್ವಾಮಿಯ ತೀರಿಹೋದ ತಂದೆ; ಆ ಪಟಕ್ಕೆ ಒಣಗಿದ ಹಾರ.

“ಇಂಜಿನ್ನುಗಳಿಗೂ ಹಾರ ಇತ್ತಲ್ಲ? ಆಯುಧಪೂಜೆಗೆ ಬಂದಾಗ ನೋಡಿದ್ದೆ.”

“ಕ್ಯಾಮೆರಾಕ್ಕೆ ಹಾಕಿ ಉಳಿದದ್ದನ್ನ ಚಂದ್ರಮತಿ ಹಾಕಿದ್ದಳು. ಅವಳೇ ತೆಗೆದಿರಬೇಕು.”

“ನಾನ್ಯಾಕೆ ತೆಗೀಲಿ?” ಒಳಗಿನಿಂದ ಹೆಂಡತಿಯ ದನಿ. “ಬೆಳಿಗ್ಗೆ ಗುಡಿಸುವಾಗ ಇದ್ವು. ತೆಗೆದಿದ್ರೆ ಮಾವನೋರದ್ದೂ ತೆಗೀತಿದ್ದೆ.”

ಆ ಎರಡು ಹಾರಗಳು ಕಪಾಟಿನ ಮೇಲಿದ್ದವು. ಎಸೆದಿರಲಿಲ್ಲ, ಯಾರೋ ಜೋಪಾನವಾಗಿ ಇಟ್ಟಿದ್ದರು.

ದಫೇದಾರರು ಸ್ಟೇಷನ್ ಕಡೆ ಓಡಿದರು.

“ಅತ್ತ ಎಲ್ಲಿಗ್ರೀ? ಬಸ್ಸು ಹೋಗುತ್ತೆ—”

“ಓಗ್ಲಿ ಬುಡಿ.”

ಮಾದಣ್ಣ ಹೊಸ ಇಂಜಿನ್ನಿನ ಮೇಲೆ ನಿಂತು ಕಲ್ಲಿದ್ದಲು ತುಂಬುತ್ತಿದ್ದ. ದಫೇದಾರರನ್ನು ಕಂಡು ಸಲಿಕೆ ನಿಲ್ಲಿಸಿದ.

“ಪ್ಲೇಟು ಎಲ್ಲಿಟ್ಟಿದ್ದೀಯಲಾ?”

“ಯಾವ ಪ್ಲೇಟು ಸಾ?”

“ಮರಿಮಲ್ಲಪ್ಪ ಆಗಿದ್ರೆ ಪ್ಲೇಟು ಎತ್ಕಂಡು ಓಡೋನು. ನಿಂತ್ಕಂಡು ಹಾರ ಬಿಚ್ತಿದ್ನಾ? ಸ್ವಾಮಿಯೋರ ಅಪ್ಪಂದು ಮುಟ್ಟಿಲ್ಲ, ಇಂಜಿನ್ಗಳ್ದು ಮಾತ್ರ ಬಿಚ್ಚವ್ನೆ. ಪಟಕ್ಕೆ ಹಾರ ಹಾಕೋದು ಸತ್ತೋರಿಗೆ. ಇಂಜಿನ್ನು ಸತ್ತೋಯ್ತು ಅನ್ನೋದ್ನ ನೋಡಕ್ಕಾಗ್ದೋನು ಈ ಊರ್ನಾಗೆ ಯಾರ್ಲಾ, ನೀನಲ್ದೆ?”

ಮಾದಣ್ಣ ಸಲಿಕೆ ಕೆಳಗಿಟ್ಟ. ಊಟದ ಗಂಟು ಬಿಚ್ಚಿ, ಟವಲಿನಲ್ಲಿ ಸುತ್ತಿದ್ದ ಗಾಜನ್ನು ಹೊರತೆಗೆದ. ಒಂದು ಗೀರೂ ಬಿದ್ದಿರಲಿಲ್ಲ.

“ಮೊದ್ಲೆರಡು ಇಂಜಿನ್ದು ಪಟ ತೆಗುದ್ರು, ಹೋದೋ. ಕುಳ್ಳೀದು ತೆಗುದ್ರು, ಅದೂ ಹೋಯ್ತು. ಪಟ ಇಲ್ದಿದ್ರೆ ತಿರುಗಿ ಬತ್ತದೇನೋ ಅಂದ್ಕಂಡೆ ಸಾ.”

“ಅಂಗಿದ್ರೆ ಒಡ್ದಾಕ್ಬೋದಿತ್ತಲ್ಲ?”

“ಒಡುದ್ರೆ ಕುಳ್ಳೀಗೆ ಪೆಟ್ಟಾಯ್ತದೆ ಅಂತ ಬುಟ್ಟೆ.”

ಗಂಗಾಧರಸ್ವಾಮಿ ಏದುಸಿರು ಬಿಡುತ್ತ ಬಂದು ನಿಂತಿದ್ದರು. “ನಾನು ತೆಗೆದದ್ದಕ್ಕೆ ಹೋಗಲಿಲ್ಲ ಮಾದಣ್ಣ. ಹೋಗುತ್ತೆ ಅಂತ ಗೊತ್ತಾಗಿಯೇ ತೆಗೆದದ್ದು.”

“ದೂರು ಬರ್ಕಳ್ಳಲಾ ಸ್ವಾಮಿ?” ದಫೇದಾರರು ಕೇಳಿದರು.

ಸ್ವಾಮಿ ತಲೆಯಾಡಿಸಿದರು — ಬೇಡ.

ಎರಡನೇ ಗಂಟೆ ಹೊಡೆಯಿತು. ಮಾದಣ್ಣ ಪ್ಲೇಟನ್ನು ಇನ್ನೊಮ್ಮೆ ಟವಲಿನಿಂದ ಒರೆಸಿ, ಕೆಳಗೆ ಬಗ್ಗಿ ಕೊಟ್ಟ.

“ಪಟ ಇರ್ಲಿ ಸಾಮಿ. ಹಾರ ಮಾತ್ರ ಹಾಕುಸ್ಬ್ಯಾಡಿ.”