ಎರಡನೆಯ ಸಂಖ್ಯೆಯ ಸೆನ್ಸರು

ಸ್ಫಾಕ್ಸ್ ನಗರದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ, ಆಗಸ್ಟ್ ತಿಂಗಳ ಸುಡುಮಧ್ಯಾಹ್ನ ನಡೆದದ್ದು ಇದು. ಸಂಜೆಯ ತಪಾಸಣೆಯಲ್ಲಿ ರೋಬೋ ಪಾಸಾಗದಿದ್ದರೆ ನಮ್ಮ ತಂಡ ಸ್ಪರ್ಧೆಯಿಂದ ಹೊರಗೆ. ಅದರ ಬೋರ್ಡಿಗೆ ಶಾಖ ಅಳೆಯುವ ಎರಡು ಸೆನ್ಸರುಗಳನ್ನು ಒಂದೇ ತಂತಿಗಳ ಮೇಲೆ ಜೋಡಿಸಿದ್ದೆವು. ಬೋರ್ಡು ಯಾವುದರ ಸಂಖ್ಯೆ ಹಿಡಿದು ಕರೆಯುತ್ತದೋ ಅದು ಮಾತ್ರ ಉತ್ತರಿಸಬೇಕು. ಅವುಗಳ ಸಂಖ್ಯೆ ಸೊನ್ನೆ ಮತ್ತು ಒಂದು. ನಾನು ಮರೆತು ಪ್ರೋಗ್ರಾಮಿನಲ್ಲಿ ಒಂದು, ಎರಡು ಎಂದು ಬರೆದಿದ್ದೆ.

ಇಲ್ಲದ ಎರಡನೆಯ ಸಂಖ್ಯೆಯ ಸೆನ್ಸರು ಪರದೆಯ ಮೇಲೆ ಹನ್ನೊಂದು ಡಿಗ್ರಿ ಎಂದಿತು.

"ಸೊನ್ನೆಯಿಂದ ಎಣಿಸೋಕೆ ಬರಲ್ವಲ್ಲೋ, ನೀನು ಸಂತೇಲಿ ಮೀನು ಎಣಿಸೋಕೇ ಲಾಯಕ್ಕು," ಎಂದು ಗೆಳೆಯ ಲಮ್ಜದ್ ನಕ್ಕ. "ಖಾಲಿ ಪಿನ್ನಿಂದ ಬರೋ ಕಸ ಅದು."

"ಕಸ ಆಗಿದ್ರೆ ಅಂಕಿ ಕುಣೀತಿತ್ತು ಮಾರಾಯ. ಇದು ಅಲ್ಲಾಡ್ತಾನೇ ಇಲ್ಲ."

ಅವನು ಬೋರ್ಡಿನಲ್ಲಿ ಏನೂ ಜೋಡಿಸದ ಖಾಲಿ ಪಿನ್ನುಗಳ ಮೇಲೆ ಬೆರಳಿಟ್ಟ. ಕೈಶಾಖ ತಗುಲಿದಂತೆ ಅಂಕಿ ನಿಧಾನವಾಗಿ ಏರತೊಡಗಿತು. ಅವನು ಬೆರಳು ತೆಗೆದು, ಅದರ ಮೇಲಿದ್ದ ತಣ್ಣನೆಯ ನೀರನ್ನು ಅಂಗಿಗೆ ಒರೆಸಿಕೊಂಡ.

ನಾನು ಸಂಖ್ಯೆಗಳನ್ನು ತಿದ್ದಿದೆ. ಸಂಜೆ ತಪಾಸಕರು ಬಂದು, ಪರದೆಯ ಕಡೆ ನೋಡದೆ, ಬೋರ್ಡಿನ ಮೇಲೆ ಬಾಗಿ ಟಾರ್ಚು ಬಿಟ್ಟರು.

"ಮೂರು ಸೆನ್ಸರೂ ಗಟ್ಟಿಯಾಗಿ ಕೂತಿವೆ ಕಣ್ರಪ್ಪಾ, ಹೋಗಿ ಆಡಿ," ಎಂದು ಪಾಸು ಮಾಡಿದರು.