ಮೊದಲು ತಣ್ಣಗಾದದ್ದು ಯಾರು?

"ನನ್ನ ಭೂತಗನ್ನಡಿ ಇಲ್ಲೇ ಬಿಟ್ಟಿದ್ದೆ... ಕೊಡ್ತೀಯಾ?"

ಧಾರಿಣಿ ತಲೆಯೆತ್ತಿದಳು. ಪ್ರಯೋಗಾಲಯದ ಬಾಗಿಲಲ್ಲಿ ಅನೀಶ್! ಎರಡು ಚಳಿಗಾಲ ಕಳೆದ ಮೇಲೆ.

ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಸಿಟ್ಟಾದರೂ ಬರಬೇಕಿತ್ತು... ಅದೂ ಇಲ್ಲ. ೨೦೦೮ರ ಆ ಜನವರಿಯಲ್ಲಿ, ದೆಹಲಿಯ ನಲ್ಲಿ ನೀರಿಗೆ ಒಡ್ಡಿದ ಬೆರಳಿನಂತೆ ಅವಳ ಮನಸ್ಸು ಜೋಮು ಹಿಡಿದಿತ್ತು.

"ಡ್ರಾಯರಿನಲ್ಲಿದೆ. ಕೊಡ್ತೀನಿ ಇರು."

"ನಾಳೆ ಗೋವಾಕ್ಕೆ ಹೊರಟೆ. ಅಲ್ಲಿಂದ ಹಡಗು. ಮಳೆಗಾಲದವರೆಗೂ ಸಮುದ್ರದ ತಳ ಕೊರೆಯೋ ಕೆಲಸ."

"ಗುರ್‌ಗಾಂವ್ ಕಂಪನಿ?"

"ಬಿಟ್ಟೆ. ಆ ಎ.ಸಿ. ಆಫೀಸಲ್ಲಿ ಕೆಸರಿನ ವಾಸನೆನೇ ಇರ್ಲಿಲ್ಲ ಮಾರಾಯ್ತಿ!"

ಹಿಂದೆಯಾಗಿದ್ದರೆ ನಗುತ್ತಿದ್ದಳು.

ಇಬ್ಬರೂ ಇಂದುಶೇಖರ ಸರ್ ಕೈಕೆಳಗೆ ಸಂಶೋಧನೆಗೆ ಸೇರಿದವರು. ಮದುವೆಯ ಮಾತೂ ಆಗಿತ್ತು. ಕೋಟಿಗಟ್ಟಲೆ ವರ್ಷಗಳ ಹಿಂದೆ ಬೆಚ್ಚಗಿದ್ದ ಭೂಮಿ ಏಕೆ ತಣ್ಣಗಾಯಿತು ಎಂಬುದು ಧಾರಿಣಿಯ ವಿಷಯ. ಸಮುದ್ರತಳದಿಂದ ಕೊರೆದು ತೆಗೆದ ಕೆಸರಿನ ಕಂಬದಲ್ಲಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. 'ಮೊದಲು ಬೆಟ್ಟದ ಕಲ್ಲು ಸವೆಯಿತು, ಗಾಳಿಯ ಇಂಗಾಲವನ್ನು ಹೀರಿತು, ಅದರಿಂದಲೇ ಭೂಮಿ ತಣ್ಣಗಾಯಿತು' ಎಂದು ಅವಳು ತುಂಬಿದ ಸಭೆಯಲ್ಲಿ ವಾದಿಸಿದ್ದಳು.

ಆಗ ಎದ್ದು ನಿಂತವನು ಅನೀಶ್!

"ಪರದೆ ಮೇಲಿನ ಫೋಟೋದಲ್ಲಿ ಹುಳು ಕೊರೆದ ಬಿಲಗಳ ಬಾಯಿ ಕೆಳಮುಖ ಇದೆ, ಮೇಲ್ಮುಖ ಇರಬೇಕಿತ್ತು. ಕಂಬ ತಲೆಕೆಳಗಾಗಿದೆ."

ಮೇಲ್ತುದಿ ಯಾವುದೆಂದು ತೋರಿಸುವ ಬಾಣದ ಗುರುತು ಶೈತ್ಯಕೋಣೆಯ ತೇವಕ್ಕೆ ಅಳಿಸಿಹೋಗಿತ್ತು. ಅವಳೇ ಕಂಬವನ್ನು ತಿರುಗಿಸಿ ಇಟ್ಟಿದ್ದಳು. ಭೂಮಿ ತಣ್ಣಗಾದದ್ದೇ ಮೊದಲು, ಕಲ್ಲು ಸವೆದದ್ದು ಆಮೇಲೆ. ಸಭೆ ನಕ್ಕಿತ್ತು.

"ಎಲ್ಲರೆದುರು ಹೇಳಲೇಬೇಕಿತ್ತಾ?" ಧಾರಿಣಿ ಈಗ ಕೇಳಿದಳು. ದನಿಯಲ್ಲಿ ಏರಿಳಿತವಿರಲಿಲ್ಲ.

"ಆ ಫೋಟೋ ನಾನು ನೋಡಿದ್ದೇ ಅಲ್ಲಿ. ಸಂಜೆಗೇ ಲೇಖನ ಕಳಿಸ್ತೀವಿ ಅಂದ್ರು ಸರ್. ಅಚ್ಚಾಗಿಬಿಟ್ಟಿದ್ರೆ ನಿನ್ನ ಹೆಸರು..."

"ಅದು ಸರಿ. ಆದ್ರೆ ನನ್ನ ಬಿಟ್ಟು ಗುರ್‌ಗಾಂವ್‌ಗೆ ಹೋದೆಯಲ್ಲ? ಅವತ್ತಿಂದ ನಾನು ಹೀಗೆ, ಏನೂ ಗೊತ್ತಾಗದ ಹಾಗಾದೆ."

ಅನೀಶ್ ಒಳಗೆ ಬಂದು ಅವಳ ಮೇಜಿನ ಬಳಿ ನಿಂತ.

"ಯಾವುದು ಮೊದಲು, ಯಾವುದು ಆಮೇಲೆ... ಸರಿಯಾಗಿ ನೋಡಿದೀಯಾ ಧಾರಿಣಿ?"

ಸಭೆಯಾದ ಮೇಲಿನ ದಿನಗಳು. ಹಾಸ್ಟೆಲ್ ಗೇಟು. ಮಂಜು. ಮಫ್ಲರ್ ಸುತ್ತಿಕೊಂಡು ದಿನವೂ ಬಂದು ನಿಲ್ಲುತ್ತಿದ್ದ ಅವನು. "ಇಲ್ಲ ಅಂತ ಹೇಳೇ" ಎಂದು ರೂಮ್‌ಮೇಟ್ ಹರ್ಷಿಣಿಯನ್ನು ಕೆಳಗೆ ಕಳಿಸಿ, ಕಿಟಕಿಯ ಪರದೆ ಎಳೆದವಳು ತಾನು. ಅವನು ದೆಹಲಿ ಬಿಟ್ಟದ್ದು... ಅದಾದ ಮೇಲೆ!

ಎರಡು ವರ್ಷದಿಂದ ಇದನ್ನೂ ತಲೆಕೆಳಗಾಗಿಯೇ ಓದುತ್ತಿದ್ದೆನಾ?

ಅಳು ಬರಲಿಲ್ಲ. ಸುಮ್ಮನೆ ಡ್ರಾಯರ್ ಎಳೆದು ಭೂತಗನ್ನಡಿ ತೆಗೆದಳು. ಕೊಡಲು ಚಾಚಿದ ಕೈ ಅರ್ಧದಲ್ಲೇ ಮುಷ್ಟಿಯಾಯಿತು.

"ಮೊದಲು ತಣ್ಣಗಾದದ್ದು ನಾನು, ಅನೀಶ್."

"ಧಾರಿಣಿ..."

"ಇದು ಈಗ ಕೊಡಲ್ಲ. ಹಡಗು ಇಳಿದು ಬಂದು ತಗೋ. ಬರ್ತೀಯಲ್ಲ?"

ಅವನು ಆ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

ಅವಳು ಬೆಚ್ಚಿದಳು.

"ಅಯ್ಯೋ! ಎಷ್ಟು ತಣ್ಣಗಿದೆ ನಿನ್ನ ಕೈ!"

"ಗೊತ್ತಾಯ್ತಾ ನಿಂಗೆ?"

"ಹೂಂ..." ಅವಳ ದನಿ ಮೊದಲ ಬಾರಿಗೆ ಒಡೆಯಿತು. "ಗೊತ್ತಾಯ್ತು. ಬಿಡಬೇಡ."