ಝೆಲಿ ತೊಳೆಯಲು ಹೋದ ಚಿತ್ರ

“ಏಯ್! ಏನು ಮಾಡ್ತಿದ್ದೀಯ ಅಲ್ಲಿ? ಇಳಿ ಕೆಳಗೆ!”

ಝೆಲಿ ಇಳಿಯಲಿಲ್ಲ. ಇಳಿಯುವುದಾದರೂ ಹೇಗೆ? ಕುರ್ಚಿಯ ಮೇಲೊಂದು ಪುಟ್ಟ ಸ್ಟೂಲು, ಸ್ಟೂಲಿನ ಮೇಲೆ ಅವಳು. ಎಡಗೈಯಲ್ಲಿ ಸೋಪು, ಬಲಗೈಯಲ್ಲಿ ಒದ್ದೆ ಬಟ್ಟೆ. ಎದುರಿಗೆ ಹೋಟೆಲಿನ ಊಟದ ಕೋಣೆಯ ಗೋಡೆ, ಗೋಡೆಯ ಮೇಲೆ ಮುಸ್ಯೊ ಗರೆಲ್, ಅಂದರೆ ಗರೆಲ್ ಸಾಹೇಬರು, ಬರೆದ ಚಿತ್ರ. ಬಾಗಿಲಲ್ಲಿ ಸಾಕ್ಷಾತ್ ಮುಸ್ಯೊ ಗರೆಲ್.

“ನನ್ನ ಚಿತ್ರಕ್ಕೆ ಸೋಪು ಹಚ್ತಿದ್ದೀಯಾ?”

“ಹೂಂ.”

ಇಲ್ಲ ಅನ್ನುವ ಹಾಗೂ ಇರಲಿಲ್ಲ. ಚೌಕಟ್ಟಿನಿಂದ ನೊರೆ ತೊಟ್ಟಿಕ್ಕುತ್ತಿತ್ತು.

“ಯಾಕಮ್ಮಾ ತಾಯಿ?”

“ನೀಲಿ ಹೋಗಲಿ ಅಂತ.”

ಮುಸ್ಯೊ ಗರೆಲ್‌ಗೆ ಸಿಟ್ಟು ಬಂದಿತ್ತು. ಆದರೆ ಈ ಉತ್ತರ ಕೇಳಿ ಸಿಟ್ಟು ಅರ್ಧಕ್ಕೇ ನಿಂತಿತು. “ಹೋಯ್ತಾ?” ಎಂದು ಕೇಳಿದರು.

“ಎಲ್ಲಿ ಹೋಗುತ್ತೆ! ಎಷ್ಟು ಉಜ್ಜಿದ್ರೂ ಜಪ್ಪಯ್ಯ ಅಂತಿಲ್ಲ,” ಅಂದಳು ಝೆಲಿ.

ಝೆಲಿಯ ಅಮ್ಮ ಒರ್ತಾನ್ಸ್ ಊರವರ ಬಟ್ಟೆ ಒಗೆಯುತ್ತಿದ್ದಳು. ಸೇನ್ ನದಿಯ ದಡದಲ್ಲಿ ಒಗೆಯುವ ಕಲ್ಲು, ಮನೆಯ ಹಿತ್ತಲಲ್ಲಿ ಒಣಹಾಕುವ ಹಗ್ಗ. ದೊಡ್ಡ ಗಂಟು ಬರುತ್ತಿದ್ದುದು ಈ ಹೋಟೆಲಿನಿಂದ. ಹೋಟೆಲಿನ ಬಟ್ಟೆ ಬಂದರೆ ಮನೆಯಲ್ಲಿ ಒಲೆ ಉರಿಯುತ್ತದೆ, ಅಷ್ಟೇ ಲೆಕ್ಕ.

ಕಳೆದ ತಿಂಗಳು ಪ್ಯಾರಿಸ್ಸಿನಿಂದ ಬಂದ ಈ ಮುಸ್ಯೊ ಗರೆಲ್, ದಿನಾ ಬೆಳಿಗ್ಗೆ ಅವರ ಹಿತ್ತಲಿನ ಬೇಲಿಯಾಚೆ ಸ್ಟ್ಯಾಂಡು ನಿಲ್ಲಿಸಿಕೊಂಡು ಒಣಹಾಕಿದ ಬೆಡ್‌ಶೀಟುಗಳ ಚಿತ್ರ ಬರೆದರು. ಬರೆದು ಹೋಟೆಲಿನ ಯಜಮಾನಿ ಮದಾಂ ಬ್ಯುರೆಲ್‌ಗೆ ಉಡುಗೊರೆ ಕೊಟ್ಟರು. ಮದಾಂ ಹೆಮ್ಮೆಯಿಂದ ಗೋಡೆಗೆ ಹಾಕಿಸಿದರು. ಎಡವಟ್ಟಾಗಿದ್ದೇ ಅಲ್ಲಿ.

ಚಿತ್ರದ ಬೆಡ್‌ಶೀಟುಗಳ ತುಂಬ ನೀಲಿ! ಒಂದು ಕಡೆ ನೀಲಿ ಪಟ್ಟೆ, ಇನ್ನೊಂದು ಕಡೆ ನೇರಳೆ ಮಚ್ಚೆ. ಮೂಲೆಯಲ್ಲಿ ಹೋಟೆಲಿನ ಕೆಂಪು ನೂಲಿನ ಗುರುತು ಬೇರೆ. ಯಾರ ಬಟ್ಟೆ, ಯಾರು ಒಗೆದದ್ದು ಎಂದು ಕೇಳುವುದೇ ಬೇಡ.

ಬಿಳಿ ಬಟ್ಟೆಗೆ ಕಡೆಯ ನೀರಿನಲ್ಲಿ ಚೂರು ನೀಲಿ ಹಾಕಿ ಅದ್ದುವುದು ಎಲ್ಲರಿಗೂ ಗೊತ್ತು. ಹದವಾಗಿ ಬಿದ್ದರೆ ಬಟ್ಟೆ ಫಳಫಳ. ಕೈ ತಪ್ಪಿ ಜಾಸ್ತಿ ಬಿತ್ತೋ, ಪಟ್ಟೆ ಪಟ್ಟೆ. ಒಗೆಯುವವರಿಗೆ ಅದಕ್ಕಿಂತ ಅವಮಾನ ಬೇರೆ ಇಲ್ಲ.

“ಒರ್ತಾನ್ಸ್ ಕೈ ಹದ ತಪ್ಪಿತು, ನೀಲಿ ಸುರೀತಾಳೆ,” ಎಂದು ಊಟಕ್ಕೆ ಬಂದವರೆಲ್ಲ ನಕ್ಕರು. ಶಾಲೆಯಲ್ಲಿ ಬೇಕರಿಯ ಲೆಯೊಂತಿನ್, “ಝೆಲಿ, ನಿನ್ನ ಮೂಗೂ ನೀಲಿ ಆಗಿದೆ ಕಣೇ!” ಎಂದು ಕಾಡಿದಳು. ಮದಾಂ ಬ್ಯುರೆಲ್ ಅಂದಿನಿಂದ ಒಗೆದು ಬಂದ ಬೆಡ್‌ಶೀಟುಗಳನ್ನು ಕಿಟಕಿಯ ಹತ್ತಿರ ಹಿಡಿದು ನೀಲಿ ಹುಡುಕತೊಡಗಿದರು. ಹುಡುಕಿದರೆ ಸಿಗದೇ ಇರುತ್ತದೆಯೇ? ಮಡಿಕೆಯಲ್ಲೆಲ್ಲೋ ಸಿಕ್ಕಿತು.

ಇವತ್ತು ಬೆಳಿಗ್ಗೆ ಶಾಲೆಗೆ ಹೊರಟವಳನ್ನು ನಿಲ್ಲಿಸಿ ಮದಾಂ ಹೇಳಿದ್ದರು: “ಸೋಮವಾರದಿಂದ ಬಟ್ಟೆ ಆಚೆ ದಡದವರಿಗೆ ಕೊಡ್ತೀನಿ. ನಿಮ್ಮಮ್ಮನಿಗೆ ಹೇಳ್ಬಿಡು.”

ಝೆಲಿ ಅಮ್ಮನಿಗೆ ಹೇಳಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಸೋಪು ಹಿಡಿದು ಇಲ್ಲಿಗೆ ಬಂದಳು.

“ಮುಸ್ಯೊ, ನಿಮ್ಮ ಹತ್ರ ಬಿಳಿ ಬಣ್ಣ ಇಲ್ವಾ?” ಸ್ಟೂಲಿನ ಮೇಲಿಂದಲೇ ಕೇಳಿದಳು. “ಇದ್ರೆ ನೀವೇ ಬಳಿದುಬಿಡಿ. ನಮ್ಮ ಬಟ್ಟೆ ಬೆಳ್ಳಗಿತ್ತು. ನಾನೇ ಹಗ್ಗಕ್ಕೆ ಹಾಕಿದ್ದು, ನಂಗೊತ್ತು.”

“ನಾನು ಕಂಡದ್ದನ್ನೇ ಬರೆದಿದ್ದೀನಲ್ಲ.”

“ಸುಳ್ಳು!”

ದೊಡ್ಡವರಿಗೆ ಹಾಗನ್ನಬಾರದು. ಅಂದಾಗಿತ್ತು. ಮುಸ್ಯೊ ಗರೆಲ್ ಅವಳ ಕೈ ಹಿಡಿದು ಕೆಳಗಿಳಿಸಿದರು. ಗಡ್ಡ ಕೆರೆದುಕೊಂಡರು.

“ನಾಳೆ ಗುರುವಾರ, ಶಾಲೆ ರಜ ಅಲ್ವಾ? ಬೆಳಿಗ್ಗೆ ಈ ಚಿತ್ರ ತಗೊಂಡು ನಿಮ್ಮ ಹಿತ್ತಲಿಗೆ ಬರ್ತೀನಿ. ನೀನೇ ನೋಡಿ ಹೇಳು. ಬಿಳಿ ಅಂದ್ರೆ ಬಿಳಿ ಬಳೀತೀನಿ. ನೀಲಿ ಅಂದ್ರೆ ಹೀಗೇ ಇರುತ್ತೆ. ಆಗಬಹುದಾ?”

“ಆಗಬಹುದು,” ಅಂದಳು ಝೆಲಿ. ಏನು ಹೇಳಬೇಕೆಂದು ಆಗಲೇ ನಿರ್ಧರಿಸಿದ್ದಳು.

ಮರುದಿನ ಮೋಡವಿರಲಿಲ್ಲ, ಒಳ್ಳೆಯ ಬಿಸಿಲು. ಅಮ್ಮ ಮೊದಲ ಸರದಿಯ ಬೆಡ್‌ಶೀಟುಗಳನ್ನು ಹಗ್ಗಕ್ಕೆ ಹಾಕಿ ನದಿಗೆ ಹೋಗಿದ್ದಳು. ಮುಸ್ಯೊ ಗರೆಲ್ ಚಿತ್ರವನ್ನು ಬೇಲಿಗೆ ಒರಗಿಸಿ, ಬಿಳಿ ಬಣ್ಣದ ಟ್ಯೂಬನ್ನು ಜೇಬಿನಿಂದ ತೆಗೆದು ಮುಚ್ಚಳ ಬಿಚ್ಚಿದರು.

“ಬಿಳಿ!” ಅಂದಳು ಝೆಲಿ.

“ಇನ್ನೂ ನೋಡೇ ಇಲ್ವಲ್ಲೇ! ಮುಷ್ಟಿ ಹೀಗೆ ಮಾಡು, ಪೀಪಿ ಥರ. ಒಂದು ಕಣ್ಣು ಮುಚ್ಚಿ ಆ ತೂತಿನಲ್ಲಿ ನೋಡು. ಅದು ಬೆಡ್‌ಶೀಟು ಅನ್ನೋದನ್ನ ಮರೆತುಬಿಡು. ಬರೀ ಬಣ್ಣ ನೋಡು. ಅಲ್ಲಿ, ಆ ಮರದ ನೆರಳು ಬಿದ್ದಿದೆಯಲ್ಲ, ಅಲ್ಲಿ.”

ಝೆಲಿ ಕಾಟಾಚಾರಕ್ಕೆ ನೋಡಿದಳು. ಆಮೇಲೆ ಇನ್ನೊಂದು ಸಲ ನೋಡಿದಳು.

ಮುಷ್ಟಿಯ ತೂತಿನಲ್ಲಿ ನೀಲಿ ಇತ್ತು. ಅಮ್ಮನ ಕಡೆಯ ತೊಟ್ಟಿಯ ನೀರಿನಂಥದೇ ತಿಳಿ ನೀಲಿ.

ಅಮ್ಮನ ಕೈ ನಿಜವಾಗಿಯೂ ತಪ್ಪಿತೇ? ಓಡಿಹೋಗಿ ಬಟ್ಟೆಯನ್ನು ಎಳೆದು ನೋಡಿದಳು. ಕಲೆಯಿರಲಿಲ್ಲ. ಬಿಸಿಲಿಗೆ ಬಂದ ಜಾಗ ಬೆಳ್ಳಗೆ ಹೊಳೆಯಿತು. ಬಿಟ್ಟಳು, ಬಟ್ಟೆ ನೆರಳಿಗೆ ಹೋಯಿತು, ಮತ್ತೆ ನೀಲಿ. ತನ್ನ ಕೈ ಅಡ್ಡ ಹಿಡಿದಳು. ಕೈಯ ನೆರಳೂ ನೀಲಿ! ಐದು ನೀಲಿ ಬೆರಳುಗಳು ಬೆಡ್‌ಶೀಟಿನ ಮೇಲೆ ಆಡಿದವು. ಇಷ್ಟು ವರ್ಷ ಇದೇ ಹಗ್ಗದ ಕೆಳಗೆ ಓಡಾಡಿದ್ದಾಳೆ, ಒಂದು ದಿನವೂ ಕಂಡಿರಲಿಲ್ಲ.

“ಏನಂತೀಯ?” ಕೇಳಿದರು ಮುಸ್ಯೊ ಗರೆಲ್. ಟ್ಯೂಬು ಕೈಯಲ್ಲೇ ಇತ್ತು.

ಬಿಳಿ ಅಂದರೆ ಮುಗಿಯಿತು. ಸೋಮವಾರ ಹೋಟೆಲಿನ ಗಂಟು ಮಾಮೂಲಿನಂತೆ ಮನೆಗೆ ಬರುತ್ತದೆ. ಝೆಲಿ ಮತ್ತೊಮ್ಮೆ ಮುಷ್ಟಿಯ ತೂತಿನಲ್ಲಿ ನೋಡಿದಳು.

“ನೀಲಿ,” ಎಂದಳು. ಮರುಕ್ಷಣವೇ ಗೊಳೋ ಎಂದು ಅತ್ತಳು.

ಮುಸ್ಯೊ ಗರೆಲ್ ಗಾಬರಿಯಾದರು. “ಅಯ್ಯೋ, ಅಳೋದು ಯಾಕೆ? ಪ್ಯಾರಿಸ್ಸಿನ ದೊಡ್ಡ ದೊಡ್ಡ ಮೇಷ್ಟ್ರುಗಳಿಗೇ ಇದು ಕಾಣಲ್ಲ. ಕೋಣೆಯೊಳಗೆ ಕೂತ್ಕೊಂಡು ನೆರಳಿಗೆಲ್ಲ ಕಂದು ಬಣ್ಣ ಬಳೀತಾರೆ. ಬಿಸಿಲಲ್ಲಿ ನಿಂತು ಬರೆಯೋ ನಮ್ಮನ್ನ ಕಂಡ್ರೆ, ಇವರಿಗೆ ಕಣ್ಣಿನ ರೋಗ ಅಂತ ನಗ್ತಾರೆ. ನಿಂಗೆ ಕಾಣಿಸ್ತಲ್ಲ, ಪುಟ್ಟಿ!”

“ನಂಗೆ ಕಂಡ್ರೆ ಏನು ಬಂತು? ಮದಾಂ ಬ್ಯುರೆಲ್ ಬಟ್ಟೆ ಕೊಡಲ್ಲ ಅಂದಿದ್ದಾರೆ! ನಿಮ್ಮ ಚಿತ್ರದಿಂದ!”

ಇದು ಅವರಿಗೆ ಗೊತ್ತೇ ಇರಲಿಲ್ಲ. ಮುಖ ಸಣ್ಣದಾಯಿತು. “ನಾನೇ ಹೋಗಿ ಹೇಳ್ತೀನಿ.”

“ಬೇಡ,” ಝೆಲಿ ಮೂಗು ಒರೆಸಿಕೊಂಡಳು. “ನೀವು ಹೇಳಿದ್ರೆ ಅವರೂ ಕಣ್ಣಿನ ರೋಗ ಅಂತಾರೆ.”

ಮದಾಂ ಬ್ಯುರೆಲ್ ಹೋಟೆಲಿನ ಮುಂದೆ ದ್ರಾಕ್ಷಿ ಬಳ್ಳಿಯ ಪಕ್ಕ ಕುಳಿತು ಬಟಾಣಿ ಸುಲಿಯುತ್ತಿದ್ದರು. ಗಂಜಿ ಹಾಕಿದ ಬಿಳಿ ಏಪ್ರನ್ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಆ ಏಪ್ರನ್ ಮಾತ್ರ ಅವರು ಯಾರಿಗೂ ಕೊಡುವವರಲ್ಲ, ತಾವೇ ಒಗೆಯುವವರು.

ಝೆಲಿ ಎದುರಿಗೆ ನಿಂತಳು. “ಮದಾಂ, ನಿಮ್ಮ ಏಪ್ರನ್ ಮೇಲೆ ನೀಲಿ ಇದೆ.”

“ಎಲ್ಲಿ?”

“ಅಲ್ಲೇ, ಬಳ್ಳಿಯ ನೆರಳು ಬಿದ್ದಿರೋ ಕಡೆ.”

ಮದಾಂ ಬಗ್ಗಿ ನೋಡಿದರು. “ಅಯ್ಯಯ್ಯೋ!” ಎಂದು ಅಂಗೈಯಿಂದ ತಟತಟನೆ ಒರೆಸಿಕೊಂಡರು. ಹೋಗಲಿಲ್ಲ. ಉಗುರಿನಿಂದ ಕೆರೆದರು. ಹೋಗಲಿಲ್ಲ. ಬುಟ್ಟಿಯ ಬಟಾಣಿಯೆಲ್ಲ ನೆಲದ ಪಾಲಾಯಿತು. ಗಡಬಡಿಸಿ ಎದ್ದು ಬಿಸಿಲಿಗೆ ಬಂದರು. ನೀಲಿ ಮಾಯ! ಹಿಂದಕ್ಕೆ ಹೋಗಿ ಕುಳಿತರು. ಮತ್ತೆ ಹಾಜರು.

ಅವರು ಎದ್ದರು, ಕುಳಿತರು. ಮತ್ತೊಮ್ಮೆ ಎದ್ದರು. ಕಟ್ಟಿಗೆ ತಂದಿದ್ದ ಗಾಡಿಯವನು ನಿಂತು ಬಾಯಿಬಿಟ್ಟುಕೊಂಡು ನೋಡಿದ.

“ಇದಕ್ಕೆ ನಾನು ನೀಲಿ ಹಾಕೇ ಇಲ್ಲ,” ಎಂದರು ಮದಾಂ, ತಮಗೆ ತಾವೇ.

ಝೆಲಿ ಬಟಾಣಿ ಆರಿಸಿ ಬುಟ್ಟಿಗೆ ಹಾಕತೊಡಗಿದಳು. ತಲೆಯ ಮೇಲಿನಿಂದ ಮದಾಂ ದನಿ ಬಂತು.

“ನಿಮ್ಮಮ್ಮನಿಗೆ ಹೇಳಿದ್ಯಾ, ನಾನು ಹೇಳಿದ್ದನ್ನ?”

“ಇಲ್ಲ ಮದಾಂ.”

“ಹೇಳಬೇಡ ಬಿಡು. ಸೋಮವಾರ ಮಾಮೂಲಿನ ಹಾಗೆ ಬರಲಿ.” ಮತ್ತೆ ದನಿ ಗಡುಸು ಮಾಡಿಕೊಂಡರು. “ಚೌಕಟ್ಟಿನ ಮೇಲೆಲ್ಲ ಸೋಪು ಬಳಿದಿದ್ದೀಯಲ್ಲ, ಅದನ್ನ ಯಾರು ಒರೆಸ್ತಾರೆ? ನಿಮ್ಮ ಅಜ್ಜ ಬರ್ತಾನಾ?”

ಝೆಲಿ ಮನೆಗೆ ಬಂದಾಗ ಅಮ್ಮ ಎರಡನೆಯ ಸರದಿಯ ಬಟ್ಟೆ ಹಗ್ಗಕ್ಕೆ ಹಾಕುತ್ತಿದ್ದಳು. ಅವಳ ಕೈಗಳು ನೀರಿನಲ್ಲಿ ನೆನೆದು ಕೆಂಪಾಗಿದ್ದವು. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು, ಎರಡೂ ಕೈ ಎತ್ತಿ ಬೆಡ್‌ಶೀಟಿನ ಮಡಿಕೆ ಬಿಡಿಸುತ್ತಿದ್ದಳು. ಝೆಲಿ ಓಡಿಹೋಗಿ ಕೆಳಗಿನ ಅಂಚು ಹಿಡಿದಳು. ಹಿಡಿದವಳು ಹಾಗೇ ನಿಂತುಬಿಟ್ಟಳು.

ಅಮ್ಮ ಬಾಯಿಯಿಂದ ಕ್ಲಿಪ್ಪು ತೆಗೆದಳು. “ಏನೇ ಹಾಗೆ ನೋಡ್ತೀಯ? ಎಲ್ಲಾದ್ರೂ ನೀಲಿ ಕೂತಿದೆಯಾ?”

ಬೆಡ್‌ಶೀಟಿನ ಮೇಲೆ ಅಮ್ಮನ ನೆರಳಿತ್ತು. ಎತ್ತಿದ ಕೈ, ಸಡಿಲವಾದ ತುರುಬು, ಎಲ್ಲ ತಿಳಿ ನೀಲಿ. ಅಮ್ಮ ಅತ್ತ ಸರಿದರೆ ಅದೂ ಸರಿಯಿತು. ಸರಿದ ಜಾಗದಲ್ಲಿ ಬಟ್ಟೆ ಹಾಲಿನ ಹಾಗೆ ಉಳಿಯಿತು.

“ಇಲ್ಲಮ್ಮ, ಬೆಳ್ಳಗಿದೆ,” ಅಂದಳು ಝೆಲಿ. “ನೀನು ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ನಿಂತ್ಕೋ.”